ಒಡೆದ ಪಾಟಿಯಲ್ಲಿ ಆರಿಸಿದ ಲೆನ್ಸು

ನಮ್ಮ ಪಡಸಾಲೆಯ ಗೋಡೆಯ ಮೇಲೆ ಅಪ್ಪನದೆಂದು ತೂಗುಹಾಕಿದ ಫೋಟೋದಲ್ಲಿ ಇರುವವನು ಅಪ್ಪನಲ್ಲ. ಅಪ್ಪ ತನ್ನ ಜೀವಮಾನದಲ್ಲಿ ಒಂದೇ ಸಲ ಕ್ಯಾಮೆರಾದ ಮುಂದೆ ನಿಂತಿದ್ದ. ಅದೂ ಯಾರದೋ ಮದುವೆಯ ಗುಂಪಿನಲ್ಲಿ, ಹಿಂದಿನ ಸಾಲಿನಲ್ಲಿ, ಹೆಸರುಕಾಳಿನಷ್ಟು ಮುಖ ಮಾಡಿಕೊಂಡು. ತೀರಿಕೊಂಡ ಮೇಲೆ ಸ್ಟುಡಿಯೋದವನು ಆ ಕಾಳನ್ನೇ ತಟ್ಟೆಯಷ್ಟು ಹಿಗ್ಗಿಸಿದ. ಹಿಗ್ಗಿದ ಮೇಲೆ ಮುಖವೆಂಬುದೇ ಉಳಿಯಲಿಲ್ಲ. ಬ್ರಷ್ ಹಿಡಿದು ಕಣ್ಣು, ಹುಬ್ಬು ಬರೆದ. ಕೈ ಸುಮ್ಮನಿರದೆ ಮೀಸೆಯನ್ನೂ ಇಟ್ಟ. ಅಪ್ಪನಿಗೆ ಮೀಸೆ ಇರಲಿಲ್ಲ. ಇಂಥವರನ್ನು ಊರಲ್ಲಿ ಕಲಾವಿದರೆಂದು ಕರೆಯುತ್ತಾರೆ.

"ಇವ ಯಾರಲೇ?" ಎಂದಿದ್ದಳು ಅವ್ವ, ಮೊದಲ ಸಲ ನೋಡಿ. ಆಮೇಲೆ ದಿನಾ ಬೆಳಿಗ್ಗೆ ಅದರ ಗಾಜಿಗೆ ವಿಭೂತಿ ಹಚ್ಚುತ್ತ, "ಯಾರ ಮನಿ ಗಂಡಸೋ ಏನೋ, ನನ್ನ ಕೈಲೆ ಸೇವಾ ಮಾಡಿಸ್ಕೊಳ್ಳಾಕತ್ತಾನ," ಎನ್ನುವಳು.

ಎಪ್ಪತ್ತರ ದಶಕದ ಮಾತು. ನಾನು ಸಂಶಿಯಲ್ಲಿ ಗಣಿತದ ಮಾಸ್ತರ. ಚಿಂತೆ ಮಾಡುವುದು ನನಗೆ ಹಲ್ಲುಜ್ಜಿದಷ್ಟೇ ನಿತ್ಯದ ಕೆಲಸ. ಅವ್ವ ಒಮ್ಮೆ ಸೀನಿದರೆ ಸಾಕು, ಆ ಸ್ಟುಡಿಯೋದವನು ಬ್ರಷ್ ತೊಳೆಯುತ್ತಿರುವುದು ಕಣ್ಣಿಗೆ ಕಟ್ಟುತ್ತಿತ್ತು. ಅವ್ವ ಇರುವಾಗಲೇ ಅವಳ ಮುಖವನ್ನು, ಅವಳದ್ದೇ ಮುಖವನ್ನು, ದೊಡ್ಡದಾಗಿ ತೆಗೆದಿಡಬೇಕೆಂದು ಹಟ ಹಿಡಿದೆ.

ಕ್ಯಾಮೆರಾ ಕೊಟ್ಟವರು ಅಕ್ಕನ ಗಂಡ, ನಮ್ಮ ಭಾವ. ಎರಡು ಸಲ ಮುಂಬಯಿಗೆ ಹೋಗಿ ಬಂದವರು, ಆದ್ದರಿಂದ ಜಗತ್ತಿನ ಸಕಲ ವಿಷಯ ಬಲ್ಲವರು. ಅಲ್ಲಿಂದ ತಂದ ಕ್ಯಾಮೆರಾದ ಲೆನ್ಸಿಗೆ ಎರಡೇ ಮಳೆಗಾಲದಲ್ಲಿ ಬೂಷ್ಟು ಹಿಡಿಸಿ, ಲೆನ್ಸಿಲ್ಲದ ಬರೀ ಡಬ್ಬಿಯನ್ನು ನನಗೆ ದಾನ ಮಾಡಿದ್ದರು. ದಾನದ ಜೊತೆ ಉಪದೇಶ ಪುಕ್ಕಟೆ.

"ಮಾಸ್ತರ, ಲೆನ್ಸ್ ತಗೊಂಡ್ರ ನೂರಾ ಮೂವತ್ತೈದು ಮಿಲಿಮೀಟರಿಂದು ತಗೋರಿ. ಅಗದಿ ಉದ್ದಂದು. ಪ್ರವಾಸಕ್ಕ ಹೋದಾಗ ಗುಡ್ಡದ ಮ್ಯಾಲಿನ ಗುಡಿ ಕಳಸಾ ಕೈಗೆ ಸಿಕ್ಕಂಗ ಬರತೈತಿ."

"ಹೌದ್ರಿ ಭಾವಾರ," ಎಂದೆ. ನಮ್ಮ ಪ್ರವಾಸವೆಂದರೆ ವರ್ಷಕ್ಕೊಮ್ಮೆ ಬಸ್ಸು ಹತ್ತಿ ದೇವಿಕೊಪ್ಪದ ತಂಗಿಯ ಮನೆಗೆ ಹೋಗುವುದು. ಅಲ್ಲಿ ದೂರದಿಂದ ಹಿಡಿಯಬೇಕಾದದ್ದು ಅವಳ ಎಮ್ಮೆಯೊಂದೇ, ಅದು ಹಾಯುತ್ತದೆ.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ನನ್ನ ಡಬ್ಬಿಗೆ ಕೂಡುವ ಹಳೆಯ ಲೆನ್ಸುಗಳು ಮೂರಿದ್ದವು: ಮೂವತ್ತೈದು, ಐವತ್ತು, ನೂರಾ ಮೂವತ್ತೈದು. ಅಂಕಿ ಹೆಚ್ಚಿದಷ್ಟೂ ದೂರದ್ದು ಹತ್ತಿರ ಬರುತ್ತದೆ, ಚೌಕಟ್ಟಿನಲ್ಲಿ ಹಿಡಿಸುವುದು ಕಡಿಮೆ. ಯಾವುದರ ನೋಟವೂ ಹಿಗ್ಗದು, ಕುಗ್ಗದು. ಬೇಕಾದರೆ ನಾವೇ ಹಿಂದೆ ಮುಂದೆ ಸರಿಯಬೇಕು. ಹಚ್ಚಿ ನೋಡುತ್ತೇನೆಂದರೆ, "ಮುಟ್ಟಿದ್ರ ತಗೋಬೇಕ್ರಿ," ಎಂದು ಅಂಗಡಿಯವನು ಗಾಜಿನ ಕಪಾಟು ಮುಚ್ಚಿದ. ತೆಂಗಿನಕಾಯಿಯನ್ನೂ ಹತ್ತು ಸಲ ಅಲ್ಲಾಡಿಸಿ ಕೊಳ್ಳುವ ನಾನು ಬರಿಗೈಯಲ್ಲಿ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಒಂದು ಲೆಕ್ಕ ಹೊಳೆಯಿತು. ಮಕ್ಕಳು ಬರೆಯುವ ಪಾಟಿಯ ಕಟ್ಟಿಗೆಯ ಚೌಕಟ್ಟು ಕ್ಯಾಮೆರಾದೊಳಗಿನ ಚೌಕಟ್ಟಿಗಿಂತ ಸುಮಾರು ಐದು ಪಟ್ಟು ದೊಡ್ಡದು. ಕಲ್ಲು ಒಡೆದುಹೋದ ಪಾಟಿಯನ್ನು ಕಣ್ಣಿನಿಂದ ಐವತ್ತು ಮಿಲಿಮೀಟರಿನ ಐದು ಪಟ್ಟು, ಅಂದರೆ ಒಂದು ಗೇಣು ದೂರ ಹಿಡಿದು ಒಳಗೆ ಇಣುಕಿದರೆ ಐವತ್ತರ ನೋಟ. ಇನ್ನೂ ಹತ್ತಿರ ಹಿಡಿದರೆ ಮೂವತ್ತೈದರದು. ಕೈ ಪೂರ್ತಿ ಚಾಚಿದರೆ ನೂರಾ ಮೂವತ್ತೈದರದು. ಶಾಲೆಯಲ್ಲಿ ಒಡೆದ ಪಾಟಿಗೆ ಬರವೇ? ಭಾನುವಾರ ಬೆಳಿಗ್ಗೆ ಅಂಥದೊಂದು ಹಿಡಿದು, ಒಂದು ಕಣ್ಣು ಮುಚ್ಚಿ, ಜೋಳ ಹಸನು ಮಾಡುತ್ತಿದ್ದ ಅವ್ವನ ಸುತ್ತ ಸುತ್ತಿದೆ.

"ಯಪ್ಪಾ, ಅದರಾಗ ಕಲ್ಲಿಲ್ಲೋ," ಎಂದಳು ಅವ್ವ.

"ಗೊತ್ತೈತಿ ಬೇ."

"ಗೊತ್ತಿದ್ದೂ ನೋಡಾಕತ್ತೀಯಲ್ಲ, ಅದಕ್ಕ ಅಂಜಿಕಿ ಬರತೈತಿ."

ಮೊದಲು ಕೈ ಚಾಚಿದೆ. ಮನೆಮಂದಿಯೆಲ್ಲ ಅದರಲ್ಲಿ ಹಿಡಿಸಬೇಕಾದರೆ ನಾನು ಓಣಿ ದಾಟಿ ಎದುರುಮನೆಯ ಕಟ್ಟೆ ಹತ್ತಬೇಕು. ನಡುವೆ ಚಕ್ಕಡಿಗಳು ಹಾಯುತ್ತವೆ. ಮೇಲಾಗಿ ಉದ್ದನೆಯದಕ್ಕೆ ಬೆಳಕು ಬಹಳ ಬೇಕು, ನಮ್ಮ ಪಡಸಾಲೆಗೋ ಮಾಳಿಗೆಯ ಬೆಳಕಿಂಡಿಯೊಂದೇ ದಿಕ್ಕು. ಭಾವನ ಪಾಂಡಿತ್ಯ ಅಲ್ಲಿಗೆ ಮುಗಿಯಿತು. ಹತ್ತಿರ ಹಿಡಿದೆ: ಜೋಳದ ಚೀಲ, ಸುತ್ತಿಟ್ಟ ಹಾಸಿಗೆ ಎಲ್ಲ ಬಂದವು, ಅವ್ವನ ಮುಖ ಮತ್ತೆ ಹೆಸರುಕಾಳಾಯಿತು. ಆ ಮೂವತ್ತೈದು ಎಲ್ಲಕ್ಕಿಂತ ತುಟ್ಟಿ ಬೇರೆ. ಗೇಣು ದೂರ ಹಿಡಿದಾಗ ಮಾತ್ರ ಅವ್ವ ಎದೆಯಿಂದ ಮೇಲಕ್ಕೆ ಚೌಕಟ್ಟು ತುಂಬಿದಳು. ಹೊಸ್ತಿಲಿಗೆ ಸರಿದು ನಿಂತರೆ ಮನೆಮಂದಿಯೂ ಹಿಡಿಸುವಂತಿತ್ತು. ಬೆಳಕನ್ನು ಧಾರಾಳವಾಗಿ ಒಳಗೆ ಬಿಡುವುದೂ ಅದೇ, ಅಗ್ಗದ್ದೂ ಅದೇ.

ಭಾವ ಮುಖ ಸಿಂಡರಿಸಿದರು. "ಐವತ್ತು ಎಲ್ಲಾರ ಹತ್ರಾನೂ ಇರತೈತ್ರಿ. ಅದೇನ್ ಲೆನ್ಸ್ರಿ? ಬರೇ ಕಣ್ಣೀಲೆ ಕಂಡಂಗ ಕಾಣತೈತಿ!"

ನನಗೆ ಬೇಕಾದದ್ದೂ ಅಷ್ಟೇ.

ಐವತ್ತನ್ನೇ ತಂದೆ. ಎರೆಮಣ್ಣಿನ ಧೂಳಿಗೆ ಹೆದರಿ ಮೂರು ಅರಿವೆಯಲ್ಲಿ ಸುತ್ತಿದೆ, ಬೂಷ್ಟಿಗೆ ಹೆದರಿ ಮೂರನ್ನೂ ಬಿಚ್ಚಿದೆ. ಅವ್ವನನ್ನು ಬೆಳಕಿಂಡಿಯ ಕೆಳಗೆ ಕೂರಿಸಿ ಎರಡು ಮೊಳ ದೂರದಲ್ಲಿ ಕುಳಿತೆ.

"ಎಷ್ಟ ಬರತೈತಿ?" ಎಂದಳು.

"ಎದಿತನಕ ಬೇ."

ಅವ್ವ ಎದ್ದೇಬಿಟ್ಟಳು. "ಮುಖಾ ಅಷ್ಟ ತಗಿಯೂದು ಸತ್ತವರದು. ನಾ ಇನ್ನೂ ಕಾಲ ಮ್ಯಾಲೆ ಅಡ್ಡಾಡಾಕತ್ತೀನಿ. ಕಾಲು ಬಂದ್ರ ತಗಿ, ಇಲ್ಲಂದ್ರ ಬಿಡು."

ಊರಿನ ಗೋಡೆಗಳನ್ನು ನೋಡಿದರೆ ಅವಳ ಮಾತು ಸುಳ್ಳಲ್ಲ. ಬದುಕಿದ್ದವರು ಕುರ್ಚಿಯಲ್ಲಿ ಪಾದ ಸಮೇತ ಕೂಡುತ್ತಾರೆ. ಬರೀ ಮುಖವಿದ್ದರೆ ಅದಕ್ಕೊಂದು ಹಾರವಿರುತ್ತದೆ. ನಾನು ಹಿಂದೆ ಸರಿದರೆ ಕಾಲು ಬರುತ್ತದೆ, ಮುಖ ಕಾಳಾಗುತ್ತದೆ, ಸ್ಟುಡಿಯೋದವನು ಬ್ರಷ್ ಹಿಡಿಯುತ್ತಾನೆ. ಬೆಳಕಿನಿಂದ ಚಕ್ಕಡಿಯವರೆಗೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮಹಾಗಣಿತಜ್ಞನಿಗೆ ಹೆತ್ತವಳ ಕಾಲು ನೆನಪಾಗಿರಲಿಲ್ಲ. ಸಿಟ್ಟಿಗೆದ್ದು ಪಾಟಿಯ ಚೌಕಟ್ಟನ್ನು ಅವಳ ಕೈಗೇ ಕೊಟ್ಟೆ. "ಗೇಣು ದೂರ ಹಿಡಿದು ನೀನ ನೋಡು, ಇದರಾಗ ಏನೇನು ಹಿಡಸತೈತಿ."

ಅವ್ವ ಅದನ್ನು ಉದ್ದಕ್ಕೆ ನಿಲ್ಲಿಸಿ ಹಿಡಿದು ನನ್ನನ್ನು ಮೇಲಿಂದ ಕೆಳಗೆ ಅಳೆದಳು. "ಕುಕ್ಕರಗಾಲಿಲೆ ಕುಂಡ್ರು."

ಕುಳಿತೆ.

"ಈಗ ಹಿಡಸ್ತೀ ನೋಡು, ಪೂರಾ."

ಚೌಕಟ್ಟು ನನ್ನ ಕೈಗಿತ್ತು, ಬೆಳಕಿಂಡಿಯ ಕೆಳಗೆ ತಾನೂ ಹಾಗೆಯೇ ಕುಳಿತಳು. ಮೊಣಕಾಲು ಗದ್ದಕ್ಕೆ ತಾಗುವಂತೆ, ಪಾದಗಳೆರಡನ್ನೂ ಜೋಡಿಸಿ, ಸೀರೆಯ ಅಂಚನ್ನು ಬೆರಳುಗಳ ಮೇಲಿಂದ ಸರಿಸಿ. ನಾನು ಅರ್ಧ ಮೊಳ ಹಿಂದೆ ಸರಿದು ಕ್ಯಾಮೆರಾ ಉದ್ದಕ್ಕೆ ತಿರುಗಿಸಿದೆ. "ಏನ್ ಮಾಸ್ತರ, ಈಗರ ತಲಿಗೆ ಹೋತಿಲ್ಲೋ?" ಎಂದು ಅವಳು ತುಟಿ ಓರೆ ಮಾಡಿದಾಗ ಗುಂಡಿ ಒತ್ತಿದೆ.

ಫೋಟೋ ತೊಳೆದು ಬಂದಾಗ ಮೊದಲು ಕೈಹಾಕಿದವರು ಭಾವ. "ಅಯ್ಯ, ಬಯಲಕಡೆ ಕುಂತಂಗ ಐತಲ್ರಿ ಇದು!"

ಅವ್ವ ಅವರ ಕೈಯಿಂದ ಅದನ್ನು ಕಸಿದು ಬೆಳಕಿಂಡಿಯ ಕೆಳಗೆ ಒಯ್ದಳು. ಮುಖದ ಕಡೆ ನೋಡಲಿಲ್ಲ. ಬೆರಳಿಟ್ಟು ಕಾಲಿನ ಬೆರಳುಗಳನ್ನು ಎಣಿಸಿದಳು. "ಹತ್ತೂ ಬಂದಾವ," ಎಂದಳು. ಆಮೇಲೆ ಮುಖವನ್ನು ಬಹಳ ಹೊತ್ತು ನೋಡಿ, ಫೋಟೋ ನನ್ನ ಕೈಗಿಟ್ಟಳು.

"ನಾನ ಅದೀನಿ. ತೂಗ ಹಾಕು. ಆ ಮೀಸಿಯವನ ಬಾಜೂಕ ಮಾತ್ರ ಬ್ಯಾಡ."