ಕೋಸು ಬೆಳೆದ ಚಕ್ರವರ್ತಿ, ನಮ್ಮ ಸರ್

ಕಳೆದ ತಿಂಗಳು ರಜೆ ಮುಗಿಸಿ ಬಂದ ಸಹೋದ್ಯೋಗಿಯೊಬ್ಬಳು ಫ್ರಿಜ್ಜಿಗೆ ಅಂಟಿಸುವ ಪುಟ್ಟ ಚಿತ್ರವೊಂದನ್ನು ತಂದುಕೊಟ್ಟಳು. ಕಡಲ ದಂಡೆಯಲ್ಲಿ ಕಲ್ಲುಕಂಬಗಳ ಹಳೆಯ ಅರಮನೆ. ರೋಮಿನ ಯಾವನೋ ಚಕ್ರವರ್ತಿಯದಂತೆ, ಹೆಸರು ನಾಲಿಗೆಗೆ ಹೊರಳುವುದಿಲ್ಲ ಎಂದಳು. ಡಯೋಕ್ಲೀಷಿಯನ್ ಎಂದು ನಾನೇ ಹೇಳಿದೆ. ಒಂಬತ್ತನೇ ತರಗತಿಯಲ್ಲಿ ಸರ್ ಆ ಹೆಸರನ್ನು ನಮ್ಮಿಂದ ಹತ್ತು ಸಲ ಹೇಳಿಸಿದ್ದರು.

ಸರ್ ಕುವೈತಿನ ಅಬ್ಬಾಸಿಯಾದಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನವರು. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು, ನಮ್ಮ ಶಾಲೆಯ ಪ್ರಿನ್ಸಿಪಾಲರು. ಆ ಹುದ್ದೆಗೆ ಏರಿದ ಮೇಲೂ ಇತಿಹಾಸದ ಪಾಠವನ್ನು ಬೇರೆಯವರಿಗೆ ಬಿಟ್ಟುಕೊಟ್ಟಿರಲಿಲ್ಲ. ಈ ಚಕ್ರವರ್ತಿಯ ಕಥೆ ಬಂದರೆ ಪುಸ್ತಕ ಮುಚ್ಚಿಡುತ್ತಿದ್ದರು. ಬಡವರ ಮನೆಯಲ್ಲಿ ಹುಟ್ಟಿದ ಸಿಪಾಯಿ ಸಿಂಹಾಸನ ಹತ್ತಿದ. ಇಷ್ಟು ದೊಡ್ಡ ರಾಜ್ಯ ಒಬ್ಬನಿಂದಾಗದೆಂದು ಆಳುವ ಕೆಲಸವನ್ನು ತಾನೂ ಸೇರಿ ನಾಲ್ವರಲ್ಲಿ ಹಂಚಿದ. ಇಪ್ಪತ್ತು ವರ್ಷ ಆಳಿ, ತಾನಾಗಿಯೇ ಎಲ್ಲ ಬಿಟ್ಟು ಊರಿಗೆ ಹೋಗಿ ಎಲೆಕೋಸು ಬೆಳೆದ. ಮತ್ತೆ ಬಾ ಎಂದು ಕರೆದವರಿಗೆ, ನಾನು ಬೆಳೆದ ಕೋಸು ನೋಡಿದ್ದರೆ ನೀವು ಈ ಮಾತು ಆಡುತ್ತಿರಲಿಲ್ಲ ಅಂದನಂತೆ.

ಅದೇ ಚಕ್ರವರ್ತಿ ಇಗರ್ಜಿಗಳನ್ನು ಕೆಡವಿಸಿದ, ಕ್ರೈಸ್ತರನ್ನು ಕೊಲ್ಲಿಸಿದ ಎಂದು ಲೈಬ್ರರಿಯ ಪುಸ್ತಕದಲ್ಲಿ ಓದಿ ನನಗೆ ಗೊಂದಲವಾಯಿತು. ಇಲ್ಲಿ ವಾರದ ರಜೆ ಶುಕ್ರವಾರ, ಸರ್ ಒಂದು ಶುಕ್ರವಾರವೂ ಇಗರ್ಜಿಯ ಪೂಜೆ ತಪ್ಪಿಸಿದವರಲ್ಲ. ಹೋಗಿ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಹೌದು ಮಗಾ, ಅವನೇ. ನಂಗೂ ಅದೇ ಅರ್ಥ ಆಗುದಿಲ್ಲ..."

ಮರುವರ್ಷ ಸರ್ ರಾಜೀನಾಮೆ ಕೊಟ್ಟರು. ಆರೋಗ್ಯ ಚೆನ್ನಾಗಿತ್ತು, ಯಾರೂ ಹೋಗು ಅಂದಿರಲಿಲ್ಲ. ತಾವೇ ತರಬೇತಿ ಕೊಟ್ಟು ಬೆಳೆಸಿದ ಮೇಷ್ಟ್ರೊಬ್ಬರನ್ನು ಆ ಕುರ್ಚಿಯಲ್ಲಿ ಕೂರಿಸಿ ಮನೆಗೆ ಬಂದರು. ಅವರ ಹೆಂಡತಿ, ನರ್ಸ್ ಆಗಿದ್ದ ನಮ್ಮ ಆಂಟಿಯ ಇಕಾಮಾದ, ಅಂದರೆ ವಾಸದ ಪರವಾನಗಿಯ, ಮೇಲೆ ಕುವೈತಿನಲ್ಲೇ ಉಳಿದರು. ಚಳಿಗಾಲದಲ್ಲಿ ಬಾಲ್ಕನಿಯ ಪೇಂಟ್ ಬಕೆಟ್‌ಗಳಲ್ಲಿ ಕೋಸಿನ ಸಸಿ ನೆಟ್ಟರು. ಧೂಳುಗಾಳಿ ಬೀಸಿದರೆ ಹಳೆಯ ಬೆಡ್‌ಶೀಟ್ ಹೊದಿಸುತ್ತಿದ್ದರು. ಮುಷ್ಟಿಯಷ್ಟೇ ಗಾತ್ರದ ಒಂದು ಕೋಸನ್ನು ನಮ್ಮ ಮನೆಗೂ ಕೊಟ್ಟರು. ಅಮ್ಮ ಅದರಲ್ಲಿ ಪಲ್ಯ ಮಾಡಿ, "ಇಷ್ಟಕ್ಕೋಸ್ಕರ ಅಂಥ ಕೆಲಸ ಬಿಟ್ರಾ ಇವ್ರು?" ಅಂದಳು.

ಸರ್ ಮಗಳು ಅದೇ ಶಾಲೆಯಲ್ಲಿ ವಿಜ್ಞಾನದ ಟೀಚರ್. ಎರಡು ವರ್ಷ ಕಳೆಯುವುದರೊಳಗೆ ಹೊಸ ಪ್ರಿನ್ಸಿಪಾಲರು ಅವಳನ್ನು ಕೆಲಸದಿಂದ ತೆಗೆದರು. ಬೇರೆ ಶಾಲೆಗೆ ಸೇರಲು ಬೇಕಾದ ರಿಲೀಸ್ ಪತ್ರವನ್ನೂ ಕೊಡಲಿಲ್ಲ. ಸರ್ ಮೂರು ಸಲ ಶಾಲೆಗೆ ಹೋದರು. ತಾವೇ ಕೂತಿದ್ದ ಕೋಣೆಯ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದುದನ್ನು ಕಾರಿಡಾರಿನಲ್ಲಿ ನಾನೇ ನೋಡಿದೆ. ನಮಸ್ಕಾರ ಮಾಡಬೇಕೋ, ನೋಡದಂತೆ ದಾಟಬೇಕೋ ತಿಳಿಯದೆ ಜೊತೆಗಿದ್ದವರ ಹಿಂದೆ ಸರಿದುಬಿಟ್ಟೆ... ಮೂರನೆಯ ಸಲ ಹೋಗಿ ಮನೆಗೆ ಮರಳಿದಾಗ ನಮ್ಮ ಕಟ್ಟಡದ ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ನೀರು ತಂದುಕೊಟ್ಟೆ.

"ಬಿಡುದು ಸುಲಭ ಮಗಾ," ಅಂದರು. "ಬಿಟ್ಟ ಮೇಲೆ ಕೇಳ್ಲಿಕ್ಕೆ ಹೋಗುದು ಉಂಟಲ್ಲ..."

ಆ ತಿಂಗಳೇ ಮಗಳು ಊರಿಗೆ ಹೋದಳು. ವರ್ಷದೊಳಗೆ ಸರ್ ಮತ್ತು ಆಂಟಿಯೂ ಹೊರಟರು.

ಇಷ್ಟು ವರ್ಷಗಳ ಮೇಲೆ, ಕಳೆದ ತಿಂಗಳು ಆ ಪುಟ್ಟ ಚಿತ್ರ ಕೈಗೆ ಬಂದಾಗ, ಆ ಚಕ್ರವರ್ತಿಯ ಕಥೆಯ ಕೊನೆ ಓದಿದೆ. ಅವನು ಕೆಳಗಿಳಿದ ಮೇಲೆ ಹೊಸಬರು ತಮ್ಮತಮ್ಮಲ್ಲೇ ಕಚ್ಚಾಡಿದರು. ಅವರಲ್ಲೊಬ್ಬ ಅವನ ಮಗಳನ್ನೇ ಗಡೀಪಾರು ಮಾಡಿದ. ಅವಳನ್ನು ನನ್ನ ಬಳಿಗೆ ಕಳಿಸಿ ಎಂದು ಮುದುಕ ಮತ್ತೆ ಮತ್ತೆ ಬೇಡಿಕೊಂಡ, ಯಾರೂ ಕಿವಿಗೊಡಲಿಲ್ಲ. ಅವನ ಸಮಾಧಿಯೇ ಮುಂದೆ ಇಗರ್ಜಿಯಾಯಿತು.

ಸರ್ ಇದನ್ನೆಲ್ಲ ಓದಿರಲಿಲ್ಲವೇ? ಓದಿಯೂ ನಮಗೆ ಕೋಸಿನವರೆಗೆ ಮಾತ್ರ ಹೇಳಿದರೇ? ಗೊತ್ತಿದ್ದೂ ಕುರ್ಚಿ ಬಿಟ್ಟರೇ? ಕುವೈತಿನಲ್ಲೇ ಈಗ ನಾನಿರುವ ಫಿಂಟಾಸ್‌ನ ಮನೆಯಲ್ಲಿ ಕೂತು ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಹಳೆಯ ಗೆಳತಿಯೊಬ್ಬಳಿಂದ ಸರ್ ಮಗಳ ನಂಬರು ಪಡೆದು, ಸರ್ ಹೇಗಿದ್ದಾರೆ, ಮನೆಯಲ್ಲಿ ಡಯೋಕ್ಲೀಷಿಯನ್ ಕಥೆ ಹೇಳಿದ್ದರೇ ಎಂದು ವಾಟ್ಸಾಪಿನಲ್ಲಿ ಕೇಳಿದೆ.

ಮರುದಿನ ಉತ್ತರ ಬಂತು. ಸರ್ ತೀರಿಹೋಗಿ ನಾಲ್ಕು ವರ್ಷವಾಯಿತಂತೆ. ಕೆಳಗೆ ಇನ್ನೊಂದು ಸಾಲು: "ಪಪ್ಪ ಮನೆಯಲ್ಲಿ ಯಾವ ರಾಜನ ಕಥೆ ಕೂಡ ಹೇಳಿದ್ದೇ ಇಲ್ಲ. ನಿನಗೆ ಏನೆಲ್ಲ ಹೇಳಿದ್ರು, ಸ್ವಲ್ಪ ನಂಗೂ ಹೇಳ್ತೀಯಾ?"

ಎಲ್ಲಿಂದ ಶುರು ಮಾಡಲಿ, ಎಲ್ಲಿ ನಿಲ್ಲಿಸಲಿ ಎಂದು ನನಗಿನ್ನೂ ತೋಚಿಲ್ಲ.