ಹತ್ತಿಗೆ ಅಂಜಿದ ದೊಡ್ಡವ್ವ

ಹೋದ ವಾರ ಹಾಸ್ಟೆಲ್ಲಿನ ಹುಡುಗಿಯೊಬ್ಬಳು ಕಾದ ಇಸ್ತ್ರಿಪೆಟ್ಟಿಗೆಯನ್ನು ಗಾದಿಯ ಮೇಲೆ ಮರೆತು ಹೋಗಿದ್ದಳು. ಹತ್ತಿ ಸೀದ ವಾಸನೆ ಅಡುಗೆಮನೆಗೆ ಬಂದದ್ದೇ ತಡ, ಸೌಟು ಬಿಸಾಡಿ ಓಡಿದೆ. ಪ್ಲಗ್ಗು ಕಿತ್ತು, ಕೊಡದ ನೀರನ್ನೆಲ್ಲ ಸುರಿದೆ. ಗಾದಿಯಲ್ಲಿ ಅಂಗೈಯಷ್ಟು ತೂತು ಬಿದ್ದಿತ್ತು, ಅಷ್ಟೇ. "ಇಷ್ಟಕ್ಕ ಯಾಕ ಹಿಂಗ ಅಂಜಿದ್ರಿ ಆಂಟಿ?" ಎಂದು ಹುಡುಗಿಯರು ನಕ್ಕರು. ನಾನು ಗಾದಿಯನ್ನು ಅಂಗಳಕ್ಕೆಳೆದು ಇನ್ನೊಂದು ಕೊಡ ನೀರು ಸುರಿದೆ. ಅವರಿಗೆ ಏನಂತ ಹೇಳಲಿ…

ಹಗರಿಬೊಮ್ಮನಹಳ್ಳಿಯ ಈ ಹಾಸ್ಟೆಲ್ಲಿಗೆ ಅಡುಗೆಯವಳಾಗಿ ಬರುವ ಮೊದಲು ನಾನು ಕೊಟ್ಟೂರಿನ ಒಂದು ಹತ್ತಿ ಜಿನ್ನಿನಲ್ಲಿ ಕೆಲಸಕ್ಕಿದ್ದೆ. ರೈತರು ತಂದ ಹತ್ತಿಯಿಂದ ಕಾಳು ಬೇರೆ ಮಾಡಿ, ಅರಳೆಯನ್ನು ಒತ್ತಿ ಬೇಲ್ ಕಟ್ಟಿ, ನೂಲಿನ ಮಿಲ್ಲುಗಳಿಗೆ ಕಳಿಸುವ ಜಾಗ ಅದು. ಮದುವೆಯಾಗಿ ಆ ಊರಿಗೆ ಹೋದ ಹೊಸತರಲ್ಲಿ ನನ್ನನ್ನು ಅಲ್ಲಿಗೆ ಸೇರಿಸಿದವಳು ಪಕ್ಕದ ಮನೆಯ ದೊಡ್ಡವ್ವ. ನನಗೆ ಸಂಬಂಧವೇನೂ ಅಲ್ಲ. ಓಣಿಗೆಲ್ಲ ಆಕೆ ದೊಡ್ಡವ್ವ.

ಅಂಜಿಕೆ ಎಂಬುದು ಆಕೆಗೆ ಗೊತ್ತೇ ಇರಲಿಲ್ಲ. ಹತ್ತಿಯ ರಾಶಿಯಲ್ಲಿ ಹಾವು ಕಂಡರೆ ಹಮಾಲರು ಕಿರುಚಿ ಓಡುತ್ತಿದ್ದರು. ಆಕೆ ಕೋಲಿನ ತುದಿಯಲ್ಲಿ ಅದನ್ನೆತ್ತಿ ಬೇಲಿಯಾಚೆ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಮತ್ತೆ ಕಸ ಆರಿಸಲು ಕೂರುವಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಕೊಟ್ಟೂರಿನ ಹತ್ತಿರದ ಅರಸೀಕೆರೆ ಎಂಬ ಹಳ್ಳಿಯಲ್ಲಿ ಹೊಲ ಮಾಡಿಕೊಂಡಿದ್ದ ತಮ್ಮನೊಬ್ಬನೇ ಆಕೆಗೆ ತನ್ನವನು. ಅವನ ಹತ್ತಿ ಜಿನ್ನಿಗೆ ಬಂದ ದಿನ ಆಕೆಯ ನಡಿಗೆಯೇ ಬೇರೆ.

ನಾನು ಸೇರಿ ಕೆಲವು ವರ್ಷಗಳಾದ ಮೇಲೆ, ಹತ್ತಿ ಸುಗ್ಗಿಯ ಒಂದು ದಿನ ಮ್ಯಾನೇಜರು ಮಷೀನು ನಿಲ್ಲಿಸಿ ನಮ್ಮನ್ನೆಲ್ಲ ಕರೆದ. "ಇನ್ನ ಹತ್ತಿ ತಗೊಳ್ಳೋದು ಬ್ಯಾಡ ಅಂದಾರ ಸಾವ್ಕಾರ್ರು. ನೂಲಿನ ಮಿಲ್ಲಿನೋರು ಅಮೆರಿಕದ ಹತ್ತಿ ತರಸ್ಯಾರ. ಅಲ್ಲಿ ರೈತರಿಗೆ ಸರ್ಕಾರನೇ ರೊಕ್ಕ ಕೊಡತೈತಿ. ಎಷ್ಟು ಅಗ್ಗಕ್ಕ ಮಾರಿದ್ರೂ ಅವರಿಗೆ ಲುಕ್ಸಾನಿಲ್ಲ. ನಮ್ಮ ಬೇಲ್ ಯಾರು ಕೇಳ್ತಾರ?"

"ಅವರ ಸರ್ಕಾರ ಅವರನ್ನ ಸಾಕ್ತೈತಿ, ಸಾಕ್ಲಿ," ಅಂದಳು ದೊಡ್ಡವ್ವ. "ಅದಕ್ಕ ನಮ್ಮ ಗೇಟು ಯಾಕ ಮುಚ್ಚಬೇಕ್ರಿ?"

ಮ್ಯಾನೇಜರು ತಿರುಗಿ ಕಚೇರಿಗೆ ನಡೆದ. ಸಂಜೆ ಮನೆಗೆ ಬರುವಾಗ ಆಕೆ ನನ್ನ ಮುಂಗೈ ಹಿಡಿದುಕೊಂಡಳು. "ಹಾವಾದ್ರ ಕಣ್ಣಿಗೆ ಕಾಣ್ತೈತವ್ವಾ. ಇದನ್ನ ಎಲ್ಲಿ ಅಂತ ನೋಡ್ಲಿ?" ಆಕೆಯ ಕೈ ಅಷ್ಟು ತಣ್ಣಗಿದ್ದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಮರುದಿನ ಇದ್ದ ಹತ್ತಿಯನ್ನು ಒಳಗೆ ಒಟ್ಟಲು ನಮ್ಮನ್ನು ಕರೆಸಿದ್ದರು. ಮಧ್ಯಾಹ್ನದ ಹೊತ್ತಿಗೆ ಗೇಟಿನ ಹೊರಗೆ ಹತ್ತಿ ತುಂಬಿದ ಟ್ರ್ಯಾಕ್ಟರುಗಳು ರಸ್ತೆಯುದ್ದಕ್ಕೂ ನಿಂತವು. ಮೋಡ ಕವಿದಿತ್ತು, ಹತ್ತಿ ನೆನೆದರೆ ಮುಗಿಯಿತು. ಕೂಗಾಟ ಜೋರಾಯಿತು. ಗೇಟಿಗೆ ಕಲ್ಲು ಬೀಳತೊಡಗಿದವು. ಮ್ಯಾನೇಜರು ಗೇಟಿನ ಬೀಗದ ಕೈ ಹಿಡಿದು ಕಚೇರಿಯೊಳಗೆ ಚಿಲಕ ಹಾಕಿಕೊಂಡ. ನಾವು ಹೆಂಗಸರು ಅರಳೆಯ ರಾಶಿಗಳ ನಡುವೆ ಸಿಕ್ಕಿಕೊಂಡೆವು. "ಸುಟ್ಟುಬಿಡ್ರಲೇ!" ಎಂದು ಯಾರೋ ಕೂಗಿದರು. ಆಮೇಲೆ ಡೀಸೆಲ್ ವಾಸನೆ ಬಂತು.

ದೊಡ್ಡವ್ವ ಗೇಟಿನ ಸಂದಿಯಲ್ಲಿ ಇಣುಕಿದಳು. ಹಿಂದೆ ತಿರುಗಿದಾಗ ಮುಖದಲ್ಲಿ ರಕ್ತವೇ ಇರಲಿಲ್ಲ. "ಕ್ಯಾನು ಹಿಡಕೊಂಡು ನಿಂತೋನು ನನ್ನ ತಮ್ಮ ಅದಾನ," ಅಂದಳು.

ಆಕೆ ಕೂಗಿದಳು. ಆ ಗದ್ದಲದಲ್ಲಿ ಅವನಿಗೆ ಕೇಳಲಿಲ್ಲ. ಮಷೀನು ನಿಂತಿದ್ದರಿಂದ ಒಳಗೆ ಯಾರೂ ಇಲ್ಲವೆಂದೇ ಅವರು ತಿಳಿದಿದ್ದರಂತೆ. ಉರಿಯುವ ಬಟ್ಟೆಯೊಂದು ಗೋಡೆ ದಾಟಿ ಬಂದು ರಾಶಿಯ ಅಂಚಿಗೆ ಬಿತ್ತು. ಹತ್ತಿಯ ಬೆಂಕಿ ಮೊದಲಿಗೆ ಸದ್ದೇ ಮಾಡುವುದಿಲ್ಲ, ಒಳಗೊಳಗೇ ಹರಿದಾಡುತ್ತದೆ… ನಾವು ತೊಟ್ಟಿಯಲ್ಲಿ ಗೋಣಿಚೀಲ ಅದ್ದಿ ಬಡಿಯತೊಡಗಿದೆವು. ದೊಡ್ಡವ್ವ ಗೋಡೆಗೊರಗಿದ ಬೇಲ್‌ಗಳ ಮೇಲೇರಿ, ತಲೆ ಎತ್ತಿ ಚೀರಿದಳು: "ಲೇ ತಮ್ಮಾ! ಒಳಗ ನಾನದೀನೋ! ಹೆಣ್ಮಕ್ಕಳದಾರೋ!"

ಹೊರಗೆ ಒಮ್ಮೆಲೇ ಸದ್ದಡಗಿತು. ಆಮೇಲೆ ಆ ಜನವೇ ಗೋಡೆ ಹಾರಿ ಬಂದು ಬೆಂಕಿ ಆರಿಸಿದರು. ಅಷ್ಟರಲ್ಲಿ ಆಕೆ ಕೆಳಗಿಳಿದು ಉರಿಯುವ ಅರಳೆಯನ್ನು ಬರಿಗೈಯಲ್ಲಿ ಎಳೆದು ಹಾಕಿದ್ದಳು. ತಮ್ಮ ಅಕ್ಕನ ಕೈ ನೋಡಿದ. ಅಲ್ಲೇ ನೆಲದ ಮೇಲೆ ಕುಸಿದು, ಹಣೆ ಚಚ್ಚಿಕೊಂಡು ಅತ್ತ. ಆಕೆ ಬೈಯಲಿಲ್ಲ. "ಬಾ, ಮನಿಗೆ ಹೋಗೂನು," ಅಂದಳು.

ಜಿನ್ನು ಮತ್ತೆ ಶುರುವಾಗಲೇ ಇಲ್ಲ. ಮಷೀನುಗಳನ್ನು ಬಿಚ್ಚಿ ಗುಜರಿಗೆ ಹಾಕಿದರು. ದೊಡ್ಡವ್ವನ ಬೆರಳುಗಳು ಮಡಚಿಕೊಂಡೇ ಉಳಿದವು. ಬೇರೆ ಕಡೆ ಯಾರೂ ಕೆಲಸ ಕೊಡಲಿಲ್ಲ. ತಮ್ಮ ತನ್ನೂರಿಗೆ ಕರೆದುಕೊಂಡು ಹೋಗಿ ಕೊನೆತನಕ ನೋಡಿಕೊಂಡ. ಹತ್ತಿ ಬಿಟ್ಟು ಮೆಕ್ಕೆಜೋಳ ಹಾಕಿದ. ನಾನು ನೋಡಲು ಹೋದಾಗಲೆಲ್ಲ ಆಕೆ ಹೊಸಿಲಲ್ಲಿ ಕೂತು ಹೊಲದ ಕಡೆ ನೋಡುತ್ತಿರುತ್ತಿದ್ದಳು, ಬರಬಾರದ್ದೇನೋ ಬರುವುದನ್ನು ಕಾಯುವವಳ ಹಾಗೆ. ಹೋದ ಚಳಿಗಾಲ ತೀರಿಕೊಂಡಳು.

ಮೊನ್ನೆ ಅವಳ ತಮ್ಮ ಫೋನು ಮಾಡಿದ್ದ. "ಅಕ್ಕಾರ, ಟೀವಿಯಾಗ ಹೇಳಕ್ಕತ್ಯಾರ. ಈಗ ಮೆಕ್ಕೆಜೋಳನೂ ಅಮೆರಿಕದಿಂದ ತರಸ್ತಾರಂತ. ಖರೇ ಏನ್ರಿ?"

"ನನಗ ಗೊತ್ತಿಲ್ಲಪ್ಪಾ," ಅಂದೆ. ಅವನು ಫೋನು ಇಡಲಿಲ್ಲ. ಆ ಕಡೆ ಅವನ ಹೆಂಡತಿ, "ಏನಂದ್ರು? ಏನಂದ್ರು?" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು.