ಯಮನಪ್ಪನ ವರ್ನಿಯರ್

ಪೀಣ್ಯದ ಕಾರ್ಖಾನೆಯಲ್ಲಿ ವರ್ನಿಯರ್ ಅನ್ನೋ ಅಳತೆ ಸಾಧನ ಹಿಡಿದು ಬೋಲ್ಟು ಅಳೆದು ರಿಜೆಕ್ಟ್ ಮಾಡೋದು ಯಮನಪ್ಪನ ಕೆಲಸ. ಭಾನುವಾರ ನಮ್ಮ ಫೋಟೋ ಬಳಗಕ್ಕೂ ಅದೇ ವರ್ನಿಯರ್ ಹಿಡ್ಕೊಂಡು ಬರ್ತಿದ್ದ. ದಾಸರಹಳ್ಳಿಯ ಟೀ ಅಂಗಡೀಲಿ ನಾವು ಪ್ರಿಂಟು ಹರಡಿದ್ರೆ ಸಾಕು, ಅಳೆಯೋಕೆ ಶುರು. ನಾನು ಚಳೀಲಿ ನಡುಗ್ತಾ ತೆಗೆದ ಸೂರ್ಯೋದಯಕ್ಕೆ, "ಸೂರ್ಯ ಎರಡು ಮಿಲಿಮೀಟರ್ ಎಡಕ್ಕ ಸರದಾನ್ರೀ. ರಿಜೆಕ್ಟ್!" ಅಂದ. ಬಳಗದ ಲಾವಣ್ಯಳ ಬೆಕ್ಕಿನ ಫೋಟೋಗೆ, "ಮೀಸಿ ಎರಡೂ ಕಡೆ ಸಮ ಇಲ್ಲ. ರೀವರ್ಕ್!" ಬೆಕ್ಕನ್ನ ಎಲ್ಲಿ ರೀವರ್ಕ್ ಮಾಡ್ಸೋದು, ಕರ್ಮ!

ಕೊನೆಗೆ ರೇಗಿ, "ನಿಮ್ದೊಂದು ತೋರ್ಸಿ ಸ್ವಾಮಿ" ಅಂದೆ. ತೋರಿಸಿದ. ಹೆಂಡತಿ ಚನ್ನಕ್ಕನ ಫೋಟೋ. ಕತ್ತಿನಿಂದ ಮೇಲೆ ಚನ್ನಕ್ಕನೇ ಇಲ್ಲ!

"ರಿಜೆಕ್ಟ್!" ಅಂತ ಎಲ್ಲರೂ ಕೂಗಿದ್ವಿ.

ಯಮನಪ್ಪ ವರ್ನಿಯರನ್ನು ಮೆಲ್ಲಗೆ ಜೇಬಿಗಿಳಿಸಿದ. "ಹೊಸ ಸೀರಿ ಅಂಚಿನ ಸಮೇತ ಪೂರ್ತಿ ಬಂದೈತಿ ಅಂತ ಕಸ್ಟಮರ್ ಪಾಸ್ ಮಾಡ್ಯಾಳ್ರೀ."